ಹೋತದ ಅಪ್ಪಣೆ

"ಇನ್ನೊಂದ್ ಕೊಡ ತರ್ರಿ! ಹ್ಯಾಂಗ ಜಾಡ್ಸಂಗಿಲ್ಲ ನಾನೂ ನೋಡ್ತೀನಿ!" ಮರಿಲಿಂಗಪ್ಪ ಗುಡುಗಿದ.

ಬೋನಾಳದ ಕೆರೆ ಏರಿಯ ಕೆಳಗೆ, ದುರ್ಗವ್ವನ ಕಟ್ಟೆಯ ಮುಂದೆ, ಕರಿ ಹೋತ ತೋಯ್ದು ತೊಪ್ಪೆಯಾಗಿ ನಿಂತಿತ್ತು. ಕೊರಳಲ್ಲಿ ಬೇವಿನ ಸೊಪ್ಪು, ಹಣೆಗೆ ಭಂಡಾರ. ನೀರು ಹಾಕಿದಾಗ ಹೋತ ಮೈ ಜಾಡಿಸಿದರೆ ಅವ್ವನ ಅಪ್ಪಣೆ ಆಯಿತೆಂದು ಅರ್ಥ. ಅಲ್ಲಿಯವರೆಗೆ ಅದರ ಕೊರಳಿಗೆ ಚೂರಿ ತಾಗಕೂಡದು. ಮರಿಲಿಂಗಪ್ಪನ ಮನೆತನದ ಕಟ್ಟಳೆ ಇದು. ಈ ಹೋತಕ್ಕೋ, ಕಟ್ಟಳೆಯ ಗೊಡವೆಯೇ ಇಲ್ಲ. ನೀರು ಬಿದ್ದಷ್ಟೂ ಕಾಲೂರಿ ನಿಂತು, ನಡುಗುತ್ತ, ಮುದುಕಮ್ಮನ ಕಡೆಗೇ ನೋಡುತ್ತಿತ್ತು.

ನೋಡದೆ ಏನು ಮಾಡೀತು? ಹರಕೆ ಹೊತ್ತವಳೂ ಅವಳೇ, ಸಾಕಿದವಳೂ ಅವಳೇ. ಮಗಳು ಯಶೋಧರಾ ಯಾದಗಿರಿಯ ದವಾಖಾನೆಯಲ್ಲಿ ಹೆರಿಗೆ ಬೇನೆಯಿಂದ ಒದ್ದಾಡುವಾಗ, ಇಬ್ಬರನ್ನೂ ಉಳಿಸು ತಾಯಿ, ಹೋತ ಕೊಡ್ತೀನಿ ಎಂದು ಬೇಡಿಕೊಂಡಿದ್ದಳು. ಇಬ್ಬರೂ ಉಳಿದರು. ಆಡಿದ ಮಾತು ತಪ್ಪುವ ಹೆಂಗಸಲ್ಲ ಮುದುಕಮ್ಮ. ಕರುಳು ಹಿಂಡಿದರೂ ಬೆಳಿಗ್ಗೆ ತಾನೇ ಹಗ್ಗ ಹಿಡಿದು ಕರೆತಂದಿದ್ದಳು. ಈಗ ಯಶೋಧರಾ ಕೂಸನ್ನು ಎದೆಗವಚಿಕೊಂಡು ಗಿಡದ ನೆರಳಿಗೆ ಕೂತಿದ್ದಳು. ಆಚೆ ಒಲೆ ಹೊತ್ತಿತ್ತು, ಮಸಾಲೆ ಅರೆದಾಗಿತ್ತು, ಬೀಗರು ಆಕಳಿಸುತ್ತಿದ್ದರು.

ಕೊಯ್ಯಲು ಬಂದಿದ್ದ ಮನ್ಸೂರಅಲಿ ಮಾತ್ರ ಚೂರಿಯನ್ನು ಬಟ್ಟೆಯಲ್ಲಿ ಸುತ್ತಿ ತೊಡೆಯ ಕೆಳಗಿಟ್ಟುಕೊಂಡು ದೂರ ಕುಳಿತಿದ್ದ. ಇವರ ಮನೆಯ ದೇವರಿಗೆ ಕೊಯ್ಯಲು ಹಿಂದೆ ಅವನ ಅಪ್ಪ ಬರುತ್ತಿದ್ದ, ಈಗ ಅವನು. ಪ್ರಾಣಿಯ ಕಣ್ಣಿಗೆ ಚೂರಿ ಬೀಳಬಾರದು ಎಂಬುದು ಮನ್ಸೂರಅಲಿಯ ಮನೆಯ ನೇಮ.

"ಮುಲ್ಲಾಸಾಬ, ಏಳ್ರಿ, ತಯಾರಾಗ್ರಿ" ಎಂದ ಮರಿಲಿಂಗಪ್ಪ.

"ನಂಗೇನ್ ಗಡಬಡಿ ಇಲ್ರಿ. ಅದು ಜಾಡಿಸ್ಲಿ ಮದ್ಲ."

ಮರಿಲಿಂಗಪ್ಪ ಮುದುಕಮ್ಮನ ಮೈದುನ. ಅಣ್ಣ ಸತ್ತ ಮೇಲೆ ಮನೆಯ ಯಜಮಾನಿಕೆ ಅವನದೇ. ಬೀಗರ ಮುಂದೆ ಒಂದು ಹೋತ ತನ್ನ ಮಾತು ಕೇಳುತ್ತಿಲ್ಲವೆಂದು ಅವನಿಗೆ ತಲೆ ಕೆಟ್ಟುಹೋಯಿತು. ಹೋತದ ಕಿವಿ ಹಿಡಿದು ತಿರುವಿದವನೇ ಒಳಗೆ ನೀರು ಸುರಿದುಬಿಟ್ಟ. ಅದು ಕಿರುಚಿ, ಮೊಣಕಾಲೂರಿ ಬಿದ್ದು, ತಲೆಯನ್ನು ಅತ್ತಿತ್ತ ಬಡಿಯತೊಡಗಿತು.

"ಜಾಡಿಸ್ತು! ಅಪ್ಪಣಿ ಆತು!" ಜನ ಕೂಗಿದರು.

ಮುದುಕಮ್ಮನ ಮೈ ಉರಿದುಹೋಯಿತು. "ಕೈ ತೆಗಿ ಮರಿಲಿಂಗ! ಕಿವ್ಯಾಗ ನೀರ್ ಹೊಕ್ಕು ಒದ್ಯಾಡಾಕತ್ತದ. ಇದಕ್ಕ ಅಪ್ಪಣಿ ಅಂತೀಯೇನು? ಬಾ ಇಲ್ಲಿ, ನಿನ್ನ ಕಿವ್ಯಾಗೂ ಹೊಯ್ತೀನಿ, ನೀನೂ ಜಾಡಿಸ್ತಿ!"

ಯಾರೋ ಕಿಸಕ್ಕೆಂದರು. ಮರಿಲಿಂಗಪ್ಪನ ಮುಖ ಕಪ್ಪಿಟ್ಟಿತು. "ಅತ್ತಿಗಿ, ಮಂದಿ ಹಸದು ಕುಂತಾರ. ಮಾನ ಕಳೀಬ್ಯಾಡ."

"ಮಂದಿಗಿ ಬ್ಯಾಳಿ ಕುದಿಸಿ ಹಾಕ್ತೀನಿ. ನಾವು ಅವ್ವನ್ನ ಕೇಳಾಕ ಬಂದೇವೋ, ಅವ್ವಗ ಮೋಸ ಮಾಡಾಕ ಬಂದೇವೋ?"

"ಹರಕಿ ಬಾಕಿ ಇಡಾಕ ಹೊಂಟಿ. ನಾಳಿ ಕೂಸಿಗಿ ಏನರ ಆದ್ರ?"

"ಯವ್ವಾ..." ಎಂದಳು ಯಶೋಧರಾ. ಮುದುಕಮ್ಮನಿಗೂ ಹೆದರಿಕೆ ಇಲ್ಲದೆ ಇಲ್ಲ. ಆ ಕೂಸಿಗಾಗಿ ಅವಳು ಹೋತವನ್ನೇನು, ತನ್ನನ್ನೇ ಕೊಟ್ಟಾಳು.

"ಆದ್ರ ನಂಗಾಗ್ಲಿ. ಹರಕಿ ನಂದು" ಎಂದು ಮೈದುನನ ಕೈಯಿಂದ ಹಗ್ಗ ಕಿತ್ತುಕೊಂಡಳು.

ಮನ್ಸೂರಅಲಿ ಎದ್ದು ಸುತ್ತಿದ ಚೂರಿಯನ್ನು ಹಾಗೆಯೇ ಚೀಲಕ್ಕೆ ಹಾಕಿಕೊಂಡ.

ಅವಳು ಹೋತ ಹಿಡಿದುಕೊಂಡು ಏರಿ ಹತ್ತಿದಳು. ಯಶೋಧರಾ ಕೂಸಿನೊಂದಿಗೆ ಹಿಂದೆ ಬಂದಳು. ಮೇಲೆ ಕೆರೆಯ ಗಾಳಿ ರಪ್ಪೆಂದು ಬಡಿಯಿತು. ಹೋತ ನಿಂತಿತು. ನಾಲ್ಕೂ ಕಾಲು ಅಗಲಿಸಿ, ಕೊಂಬಿನಿಂದ ಬಾಲದವರೆಗೆ ಒಮ್ಮೆ ಭರ್ರನೆ ಮೈ ಜಾಡಿಸಿತು. ಹನಿಗಳು ಮುದುಕಮ್ಮನ ಮುಖಕ್ಕೆ ಸಿಡಿದವು.

ಕೆಳಗಿದ್ದವರೆಲ್ಲ ನೋಡಿದರು. ಮರಿಲಿಂಗಪ್ಪ ಏದುಸಿರು ಬಿಡುತ್ತ ಓಡಿ ಬಂದ. "ಆತು! ಈಗ ಆತು, ಅತ್ತಿಗಿ! ಈಗ ಯಾರೂ ಮುಟ್ಟಿಲ್ಲ. ನೀನ ನೋಡಿದಿಯಲ್ಲ!"

ನೋಡಿದ್ದಳು. ಸುಳ್ಳು ಹೇಳಲು ಬರುವಂತಿರಲಿಲ್ಲ. ಸೊಸೆಯಾಗಿ ಬಂದಾಗಿನಿಂದ ಈ ಕಟ್ಟೆಯ ಮುಂದೆ ಜಾಡಿಸಿದ ಹೋತಗಳೆಲ್ಲ ಅವಳ ಕಣ್ಮುಂದೆ ಬಂದವು. ಎಲ್ಲವೂ ಹೀಗೇ ತೋಯ್ದಿದ್ದವು, ಹೀಗೇ ನಡುಗಿದ್ದವು. ಪ್ರತಿ ಸಲವೂ ಅವಳೇ ಮೊದಲು ಕೈ ಮುಗಿದಿದ್ದಳು.

"ನೋಡೀನಿ" ಎಂದಳು. "ಥಂಡಿ ಹತ್ತಿತ್ತು. ಜಾಡಿಸ್ತು."

"ಅಂದ್ರ?"

"ಅಂದ್ರ ಏನಿಲ್ಲ. ಕೊಡಂಗಿಲ್ಲ."

"ಅವ್ವನ ಅಪ್ಪಣಿ ಮೀರ್ತೀಯೇನ?"

ಮುದುಕಮ್ಮ ಹಗ್ಗವನ್ನು ಅಲ್ಲೇ ಕೆಳಗೆ ಬಿಟ್ಟು, ಕುಕ್ಕರಗಾಲಲ್ಲಿ ಕುಳಿತು, ಸೆರಗಿನ ತುದಿಯಿಂದ ಹೋತದ ಕಿವಿಯೊಳಗಿನ ನೀರು ಒರೆಸತೊಡಗಿದಳು. ಮರಿಲಿಂಗಪ್ಪ ಯಶೋಧರಾಳ ಕಡೆ ತಿರುಗಿದ. "ನೀನರ ಹೇಳವ್ವ ನಿಮ್ಮವ್ವಗ. ಕೂಸು ನಿಂದು."

ಯಶೋಧರಾ ಕೂಸನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು, ಬಾಗಿ, ಹಗ್ಗ ಎತ್ತಿಕೊಂಡಳು. "ನಡಿ ಯವ್ವಾ, ಮನಿಗಿ."