ಬೇರೆ ಮನೆಯ ಸೀರೆ ಉಟ್ಟ ಕೋವಿ

ಮಾಗಿ ಕಾಲ, ಬಿಸಿಲು ಇನ್ನೂ ಹೆಂಚಿಗೆ ತಾಗಿರದ ಹೊತ್ತು. ಕೆಲಸಗಾರರು ಕೆಂಡದ ಮುಂದೆ ಅಂಗೈ ಕಾಯಿಸಿಕೊಂಡು ಬಂದು ನನ್ನ ನಳಿಗೆಯನ್ನು ಮರದ ಹಿಡಿಗೆ ಕೂಡಿಸಿದರು. ನಾನು ಹುಟ್ಟಿದ್ದು ಹಾಗೆ. ನಾನು ತೋಟೆ ಹಾಕಿ ಹೊಡೆಯುವ ಒಂದು ಒಂಟಿನಳಿಗೆಯ ಕೋವಿ.

ಮುದುಕನೊಬ್ಬ ನಳಿಗೆಯ ಬುಡದಲ್ಲಿ ಅಚ್ಚಿಟ್ಟು ಸುತ್ತಿಗೆಯಿಂದ ಟಕ್ ಟಕ್ ಎಂದು ನಂಬರು ಒತ್ತಿದ. ನೋಯಲಿಲ್ಲ, ಕಚಗುಳಿಯಿಟ್ಟ ಹಾಗಾಯಿತು. ಏನು ಒತ್ತಿದ ಎಂದು ಕೇಳಬೇಡಿ. ನಾನು ಶಾಲೆ ಕಂಡ ಜೀವವಲ್ಲ, ಮೈಮೇಲಿರುವ ಅಕ್ಷರ ನನಗೇ ಓದಲು ಬಾರದು. ಅದೇ ಮರದ ಹಲಗೆಯಿಂದ ಇನ್ನೊಂದು ಕೋವಿಯೂ ಅವತ್ತೇ ಆಯಿತು. ಅದು ನನ್ನ ತಮ್ಮ. ನೋಡುವುದಕ್ಕೆ ಇಬ್ಬರೂ ಒಂದೇ ಅಚ್ಚು. ಗುಣದಲ್ಲಿ ಮಾತ್ರ ಬೇರೆ. ನಾನು ನೇರ ಹೊಡೆಯುತ್ತೇನೆ, ಅವನ ಈಡು ತುಸು ಎಡಕ್ಕೆ ಹೋಗುತ್ತದೆ.

ಇಬ್ಬರೂ ಘಟ್ಟದ ಅಂಚಿನ ಕಾಫಿ ಸೀಮೆಗೆ ಬಂದೆವು. ನನ್ನನ್ನು ಕೊಂಡವರು ಕೂಡುಗದ್ದೆಯ ಅಣ್ಣೇಗೌಡರು. ಆಳು ಹಲಸಿನ ಬೊಡ್ಡೆಯ ಹಾಗೆ, ಗಂಟಲು ಅದಕ್ಕಿಂತ ದಪ್ಪ. ಅವರ ಮನೆಯಾಕೆ ಹಳೆಯ ಹಸಿರು ಸೀರೆ ಹರಿದು ನನಗೊಂದು ಗವಸು ಹೊಲಿದರು. ತಮ್ಮನನ್ನು ಕೊಂಡವರು ನೆಲ್ಲಿಹಡ್ಲಿನ ಲಕ್ಕೇಗೌಡರು. ಮಾತು ಕಡಿಮೆ, ಮರ್ಯಾದೆ ಹೆಚ್ಚು. ಅವರ ಮನೆಯಲ್ಲಿ ಅವನಿಗೆ ಕೆಂಪು ಸೀರೆಯ ಗವಸು.

ನಮ್ಮ ಸೀಮೆಯಲ್ಲಿ ಎಲೆಕ್ಷನ್ ಬಂತೆಂದರೆ ಕೋವಿಗಳಿಗೆಲ್ಲ ಠಾಣೆವಾಸ. ಓಟು ಮುಗಿಯುವ ತನಕ ಎಲ್ಲರೂ ಕೋವಿ ಒಪ್ಪಿಸಿ ಚೀಟಿ ಪಡೆಯಬೇಕು. ಒಂದು ಸಲ ಎಲೆಕ್ಷನ್ ಮಳೆಗಾಲದಲ್ಲಿ ಬಂತು. ನಮಗೆ ತುಕ್ಕು ಹಿಡಿದೀತೆಂದು ಒಬ್ಬ ಒಳ್ಳೆಯ ಪೊಲೀಸಪ್ಪ ಎಲ್ಲರ ಗವಸು ಬಿಚ್ಚಿ, ಎಣ್ಣೆ ಒರೆಸಿ, ಗವಸುಗಳನ್ನು ಹೊಂಬಿಸಿಲಿಗೆ ಒಣಹಾಕಿದ. ಮೋಡ ಕವಿಯಿತು. ಓಡಿ ಬಂದವನೇ ಕೈಗೆ ಸಿಕ್ಕಿದ್ದಕ್ಕೆ ಸಿಕ್ಕಿದ್ದು ತೊಡಿಸಿದ. ನನಗೆ ಕೆಂಪು ಸೀರೆ ಬಂತು, ತಮ್ಮನಿಗೆ ಹಸಿರು.

ಓಟು ಮುಗಿಯಿತು. ಗಂಡಸರು ಬಂದರು. ಕೋವಿಯ ಗುರುತು ಯಾರಿಗೆ ಬೇಕು, ಹೆಂಡತಿಯ ಸೀರೆ ಗುರುತಿದೆಯಲ್ಲ! ಲಕ್ಕೇಗೌಡರು ಕೆಂಪು ಗವಸು ಕಂಡವರೇ ನನ್ನನ್ನು ಹೆಗಲಿಗೇರಿಸಿ ನಡೆದರು. ಕೂಗಿ ಹೇಳೋಣವೆಂದರೆ ನನಗೆ ಬರುವುದು ಒಂದೇ ಮಾತು, ಅದೂ ಬೇರೆಯವರು ಬೆರಳು ಒತ್ತಿದರೆ. ಆಮೇಲೆ ಲೈಸನ್ಸು ಹೊಸದು ಮಾಡಿಸುವಾಗಲೂ ಅಷ್ಟೇ. ಎಲ್ಲರೂ ಕಾಗದದ ಮುಖ ನೋಡಿದರು, ನನ್ನ ಗವಸು ಬಿಚ್ಚಿದವರಿಲ್ಲ.

ಆ ವರ್ಷ ಆಯುಧಪೂಜೆಗೆ ನೆಲ್ಲಿಹಡ್ಲಿನಲ್ಲಿ ಮರದ ತುದಿಗೆ ತೆಂಗಿನಕಾಯಿ ಕಟ್ಟಿ ಈಡಿನ ಪಂದ್ಯ ಇಟ್ಟರು. ಗೆಲ್ಲುವವರು ಯಾವಾಗಲೂ ಲಕ್ಕೇಗೌಡರೇ. ತಮ್ಮನ ಎಡಚಾಳಿ ಅರಿತಿದ್ದ ಅವರ ಕೈ ತಾನಾಗಿ ತುಸು ಬಲಕ್ಕೆ ಹಿಡಿಯಿತು. ನಾನು ಹಿಡಿದ ಕಡೆಗೇ ಹೊಡೆದೆ. ಕಾಯಿ ಅಲ್ಲಾಡಲಿಲ್ಲ. ಬಲಗಡೆಯ ಕೊಂಬೆಯಲ್ಲಿದ್ದ ಹೆಜ್ಜೇನು ಎದ್ದಿತು. ಊರಿಗೆ ಊರೇ ಓಡಿ ಕೆರೆಗೆ ಬಿತ್ತು, ಪೂಜಾರಪ್ಪನೂ ಬಿದ್ದರು.

"ಠಾಣೆಗೆ ಹೋಗಿ ಬಂದ್ಮೇಲೆ ಈ ಕೋವಿಗೆ ಏನೋ ಆಗದೆ" ಎಂದು ಗೌಡರು ಮನೆಯಲ್ಲಿ ಗೊಣಗಿದರು.

"ಕೋವಿಗೆ ಯಾಕಂತೀರಿ, ನಿಮ್ ಕಣ್ಣು ತೋರಿಸ್ಕಳಿ ಮೊದ್ಲು" ಎಂದರು ಮನೆಯಾಕೆ, ಊದಿದ ಕೆನ್ನೆಗೆ ಸುಣ್ಣ ಹಚ್ಚಿಕೊಳ್ಳುತ್ತ.

ಗೌಡರು ಪೇಟೆಗೆ ಹೋಗಿ ಕನ್ನಡಕ ಹಾಕಿಸಿಕೊಂಡರು. ನಿಧಾನಕ್ಕೆ ನನ್ನ ದಾರಿಗೂ ಒಗ್ಗಿಕೊಂಡರು. ಹುಣ್ಣಿಮೆಗೊಮ್ಮೆ ಜಗಲಿಯಲ್ಲಿ ಕೂತು ಎಣ್ಣೆ ಒರೆಸುವರು. ಒರೆಸುತ್ತ ಏನಾದರೂ ಗುನುಗುವರು. ಅವರ ಅಂಗೈ ತಾಗಿ ತಾಗಿ ನನ್ನ ಹಿಡಿಯ ಒಂದು ಕಡೆ ಕನ್ನಡಿಯ ಹಾಗೆ ನುಣುಪಾಯಿತು. ಎಷ್ಟೋ ಎಲೆಕ್ಷನ್ ಬಂದು ಹೋದವು.

ಹೀಗಿರುವಾಗ ಗೌಡರ ಕೈ ನಡುಗಲು ಶುರುವಾಯಿತು. ಕೋವಿ ಕೊಟ್ಟುಬಿಡುವುದೆಂದು ತೀರ್ಮಾನಿಸಿ, ಮಾರುವ ವಿಚಾರವನ್ನು ಠಾಣೆಗೆ ಮೊದಲೇ ಬರೆದುಕೊಟ್ಟರು. ಕೇಳಿಕೊಂಡು ಬಂದವಳು ಅದೇ ಊರಿನ ಜವರಮ್ಮ, ವರಸೆಯಲ್ಲಿ ಸೊಸೆಯಾಗಬೇಕು. ಅವಳ ಗದ್ದೆ ಕಾಡಿಗೆ ಅಂಟಿಕೊಂಡೇ ಇದೆ. ಹಿಂದಿನ ವರ್ಷ ಹಂದಿಗಳು ಅವಳಿಗೆ ಒಣಹುಲ್ಲನ್ನೂ ಬಿಟ್ಟಿರಲಿಲ್ಲ. ಆಫೀಸಿನಿಂದ ಆಫೀಸಿಗೆ ಅಲೆದು, ಚಪ್ಪಲಿ ಸವೆಸಿ ಲೈಸನ್ಸು ಮಾಡಿಸಿದ್ದಳು. ಕೋವಿಯೊಂದೇ ಬಾಕಿ. ಭತ್ತ ಆಗಲೇ ಹಾಲುಗಟ್ಟುತ್ತಿತ್ತು.

ಜವರಮ್ಮ ನನ್ನ ನಳಿಗೆಯೊಳಗೆ ಕಣ್ಣಿಟ್ಟಳು. ಹಿಡಿ ಅಲ್ಲಾಡಿಸಿದಳು. ಎಲ್ಲ ಒಪ್ಪಿಗೆಯಾಯಿತು. ಕೊನೆಗೆ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಮೆಲ್ಲಗೆ ಅಂದಳು: "ಠಾಣೇಲಿ ನಂಬ್ರು ಹೊಂದಿಸಿ ನೋಡ್ಬುಟ್ಟು ತಗತೀನಿ ಮಾವ."

ಗೌಡರ ಮುಖ ಕೆಂಪಾಯಿತು. "ಅಂದ್ರೆ? ನಾನು ಕದ್ದ ಕೋವಿ ಮಾರ್ತೀನಿ ಅಂತ್ಲಾ?"

"ನೀವು ಕದ್ರಿ ಅಂದ್ನಾ? ಹಸಾ ತಗಳೋರು ಮೈಮೇಲಿನ ಸುಳಿ ನೋಡಲ್ವಾ? ಕೊಡೋರು ಅದಕ್ಕೆ ಸಿಟ್ಟಾಯ್ತಾರಾ?"

"ಹಸಕ್ಕೆ ಸುಳಿ ಇರ್ತದೆ. ಕೋವಿಗೆ ಎಂಥ ಸುಳಿನೇ?"

"ಇಲ್ಲೇ ಅದೆಯಲ್ಲ!" ಅವಳು ನಳಿಗೆಯ ಬುಡದ ನಂಬರಿನ ಮೇಲೆ ಬೆರಳಿಟ್ಟಳು. "ನಾಳೆ ಯಾರಾದ್ರೂ ಬಂದು ಇದು ನಮ್ದು ಅಂದ್ರೆ ಕೋವಿನೂ ಹೋಯ್ತದೆ, ಲೈಸನ್ಸೂ ಹೋಯ್ತದೆ, ಹಂದಿ ಬಂದು ಗದ್ದೆನೂ ಹೋಯ್ತದೆ. ಇನ್ನೊಂದು ಸಲ ಆ ಮೆಟ್ಲೆಲ್ಲ ಹತ್ತಕ್ಕೆ ನನ್ ಕೈಲಾಗಲ್ಲ ಮಾವ."

ಗೌಡರು ಎದ್ದು ಒಳಗೆ ಹೋದರು. ಮದುವೆಗೆ ಹಾಕುವ ಬಿಳಿ ಅಂಗಿ ತೊಟ್ಟು ಬಂದರು. "ನಡಿ. ಈಗ್ಲೇ ನಡಿ. ಲಕ್ಕೇಗೌಡನ ಸುಳಿ ಎಂಥದು ಅಂತ ಇವತ್ತೇ ಗೊತ್ತಾಗ್ಲಿ."

ಬಸ್ಸಿನಲ್ಲಿ ಅವರ ಮಂಡಿಗಳ ನಡುವೆ ನಿಂತು ನಾನು ನಡುಗಿದೆ. ಸತ್ಯ ಗೊತ್ತಿರುವುದು ನನಗೆ ಮಾತ್ರ. ಅದು ಹೊರಗೆ ಬರಲೆಂದೂ ಆಸೆ, ಆ ಬಿಳಿ ಅಂಗಿಯ ಎದುರಿಗೆ ಬಾರದಿರಲೆಂದೂ ಆಸೆ.

ಠಾಣೆಯಲ್ಲಿ ರೈಟರ್ ಪರಮೇಶಿ ನನ್ನನ್ನು ಬೆಳಕಿಗೆ ಹಿಡಿದು ನಂಬರು ಓದಿದ. ಗೌಡರ ಲೈಸನ್ಸು ನೋಡಿದ. ಮತ್ತೆ ನನ್ನನ್ನು ನೋಡಿದ.

"ಗೌಡ್ರೆ, ಇದು ನಿಮ್ಮ ನಂಬ್ರಲ್ಲ."

"ಕನ್ನಡಕ ಹಾಕ್ಕಂಡು ಓದಿ ರೈಟ್ರೆ."

"ಹಾಕ್ಕಂಡೇ ಇದೀನಲ್ಲ."

"ಹಂಗಾರೆ ತೆಗೆದು ಓದಿ!"

ತೆಗೆದು ಓದಿದರೂ ಅದೇ ನಂಬರು. ಗೌಡರು ಬೆಂಚಿನ ಮೇಲೆ ಕುಸಿದು ಕೂತರು. ಬೆನ್ನು ಬಿಲ್ಲಾಯಿತು. ಊರ ನ್ಯಾಯ ಹೇಳುತ್ತಿದ್ದ ಬಾಯಿ ಆಣೆ ಇಡುವ ಹಾಗಾಯಿತು. "ನಮ್ಮಪ್ಪನಾಣೆ, ನಾನು ಕದ್ದೋನಲ್ಲ ಕಣವ್ವ" ಎಂದರು, ರೈಟರಿಗಲ್ಲ, ಜವರಮ್ಮನಿಗೆ.

ಅವಳು ಬಸ್ಸು ಹತ್ತಿ ಹೋಗಬಹುದಿತ್ತು. ಸೆರಗು ಸಿಕ್ಕಿಸಿಕೊಂಡು ಮೇಜಿನ ಎದುರು ನಿಂತಳು. "ರೈಟ್ರೆ, ಕದ್ದೋರು ಬಿಳಿ ಅಂಗಿ ಹಾಕ್ಕಂಡು ಮಾಲು ಠಾಣೆಗೆ ಹೊತ್ಕಂಡು ಬತ್ತಾರಾ? ಅದು ಯಾರ ನಂಬ್ರು, ಅದನ್ನ ನೋಡಿ ಮೊದ್ಲು."

ರೈಟರ್ ಹುಡುಕಿದ. ಕೋವಿ ಕಳೆದಿದೆ ಎಂದು ಯಾರೂ ದೂರು ಕೊಟ್ಟಿರಲಿಲ್ಲ. ನಂಬರು ಮಾತ್ರ ಕೂಡುಗದ್ದೆಯ ಅಣ್ಣೇಗೌಡರ ಹೆಸರಿನಲ್ಲಿತ್ತು. ಫೋನು ಮಾಡಿದ. ಅತ್ತಲಿಂದ ಬಂದ ಗಂಟಲು ಇಡೀ ಠಾಣೆಗೆ ಕೇಳಿಸಿತು.

"ನನ್ ಕೋವಿ ನನ್ ಅಟ್ಟದ ಮೇಲೇ ಐತೆ ಕಣಯ್ಯ! ತಮಾಸೆ ಮಾಡ್ತೀಯಾ?"

"ಇಳಿಸಿ ನಂಬ್ರು ನೋಡಿ ಗೌಡ್ರೆ."

ಫೋನಿನಲ್ಲಿ ಅಟ್ಟದ ಏಣಿ ಕಿರುಗುಟ್ಟಿತು. ಆಮೇಲೆ ಅದೇ ಗಂಟಲು ಸಣ್ಣಗಾಗಿ ಕೇಳಿಸಿತು: "ಅಲ್ಲೇ ಇರಿ. ಬಂದೆ."

ಜೀಪು ಬಂದು ನಿಂತಿತು. ಅಣ್ಣೇಗೌಡರು ಹಸಿರು ಗಂಟನ್ನು ಮೇಜಿನ ಮೇಲಿಟ್ಟು ಬಿಚ್ಚಿದರು. ನನ್ನ ತಮ್ಮ! ಮೈಮೇಲೆ ಸ್ವಲ್ಪ ಗೀರು ಬಿದ್ದಿತ್ತು, ಅಷ್ಟೇ. ರೈಟರ್ ಅವನ ನಂಬರು ಓದಿದ. ಅದು ಲಕ್ಕೇಗೌಡರದು.

ಅಣ್ಣೇಗೌಡರು ಎರಡೂ ಗವಸು ನೋಡಿದರು, ಎರಡೂ ಕೋವಿ ನೋಡಿದರು, ಹಣೆ ಚಚ್ಚಿಕೊಂಡರು. "ಆ ಮಳೆಗಾಲದ ಎಲೆಕ್ಷನ್ನು! ಅದಕ್ಕೇ ಇದು ಎಡಕ್ಕೆ ಹೊಡೀತಿತ್ತು! ನನ್ ಹೆಗಲೇ ಸೊಟ್ಟಗಾಗದೆ ಅಂತ ನಾಟಿ ವೈದ್ಯನ ತಾವ ಎಷ್ಟು ಎಣ್ಣೆ ತಿಕ್ಕಿಸ್ಕಂಡಿದೀನಿ ಗೊತ್ತಾ?"

"ನಾನು ಕನ್ನಡಕ ಹಾಕಿಸ್ಕಂಡೆ" ಎಂದರು ಲಕ್ಕೇಗೌಡರು, ಸಣ್ಣ ದನಿಯಲ್ಲಿ.

ಜವರಮ್ಮ ಮೊದಲು ನಕ್ಕಳು. ಆಮೇಲೆ ರೈಟರ್ ನಕ್ಕ, ಪಹರೆಯವನು ನಕ್ಕ. ಕೊನೆಗೆ ಲಕ್ಕೇಗೌಡರ ಬೆನ್ನೂ ನೆಟ್ಟಗಾಯಿತು.

ಮಾರುವುದಕ್ಕೆಂದು ಮೊದಲೇ ಬರೆದುಕೊಟ್ಟದ್ದು ತಮ್ಮನ ನಂಬರು, ಕಾಗದದಲ್ಲಿ ಇದ್ದದ್ದು ಅದೇ ತಾನೆ. ಹಾಗಾಗಿ ಠಾಣೆಯವರು ನಡೆದದ್ದನ್ನೆಲ್ಲ ಬರೆದುಕೊಂಡು ತಮ್ಮನನ್ನು ಜವರಮ್ಮನಿಗೆ ಒಪ್ಪಿಸಿದರು. ನಾನು ಅಣ್ಣೇಗೌಡರ ಪಾಲಿಗೆ ಬಂದೆ.

"ಒಂಚೂರು ಬಲಕ್ಕೆ ಹಿಡಿಬೇಕು ಕಣವ್ವ" ಎಂದು ಲಕ್ಕೇಗೌಡರು ಅವಳಿಗೆ ಹೇಳಿಕೊಟ್ಟರು.

"ನಂಗೆ ಸದ್ದಾದ್ರೆ ಸಾಕು ಮಾವ. ಎಡಾನೋ ಬಲಾನೋ, ಹಂದಿಗೇನು ಗೊತ್ತಾಯ್ತದೆ?"

ಎಲ್ಲರೂ ಎದ್ದರು. ಲಕ್ಕೇಗೌಡರು ಮಾತ್ರ ನನ್ನ ಹಿಡಿಯ ಮೇಲೆ ಅಂಗೈ ಇಟ್ಟು ಕೂತೇ ಇದ್ದರು. ಅಣ್ಣೇಗೌಡರು ಅದನ್ನು ಕಂಡು ಪಕ್ಕದಲ್ಲೇ ಕೂತರು. "ಯಾವಾಗ ಬೇಕಾದ್ರೂ ಬನ್ನಿ ಲಕ್ಕಣ್ಣ. ಬಾಗ್ಲು ತೆಗೆದೇ ಇರ್ತದೆ."

ಈಗ ನಾನು ಅಣ್ಣೇಗೌಡರ ನಡುಮನೆಯ ಗೂಟದಲ್ಲಿದ್ದೇನೆ. ಈಡು ಹೊಡೆಯುವುದು ಹೆಚ್ಚುಕಡಿಮೆ ನಿಂತಿದೆ. ವಯಸ್ಸಾಯಿತು, ಅವರಿಗೂ ನನಗೂ. ಇಲ್ಲಿ ಕೂತು ಒಮ್ಮೊಮ್ಮೆ ಯೋಚಿಸುತ್ತೇನೆ. ಅವತ್ತು ಜವರಮ್ಮ ಮಾವನ ಮುಖ ನೋಡಿ ಸುಮ್ಮನಿದ್ದಿದ್ದರೆ, ಮುಂದೆ ಎಂದೋ ಒಂದು ದಿನ ಅವಳು ಕಳ್ಳಿಯಾಗುತ್ತಿದ್ದಳು, ಮಾವ ಕಳ್ಳನಾಗುತ್ತಿದ್ದರು. ಬಾಯಿಬಿಟ್ಟು ಕೇಳಿದ್ದಕ್ಕೆ ಎರಡು ಮನೆಗೆ ನೆಂಟಸ್ತನ ಬೆಳೆಯಿತು.

ಭತ್ತದ ಕುಯ್ಲು ಮುಗಿದ ಮೇಲೆ ಲಕ್ಕೇಗೌಡರು ಬಂದರು. ಜವರಮ್ಮ ಹೊಸ ಭತ್ತದ ಅವಲಕ್ಕಿ ಕಳಿಸಿದ್ದಳು. ತಮ್ಮ ಒಂದು ಹಂದಿಯನ್ನೂ ಮುಟ್ಟಿಲ್ಲವಂತೆ, ಬರೀ ಸದ್ದಿಗೇ ಗದ್ದೆ ಉಳಿಯಿತಂತೆ. ಊಟವಾದ ಮೇಲೆ ಅವರು ನನ್ನನ್ನು ಗೂಟದಿಂದ ಇಳಿಸಿಕೊಂಡರು. ಹೆಗಲ ಟವಲಿನಲ್ಲಿ ನಳಿಗೆ ಒರೆಸಿದರು. ಕೈ ನಡುಗುತ್ತಿತ್ತು, ಗುನುಗು ಮಾತ್ರ ಸರಿಯಾಗಿತ್ತು. ಆಮೇಲೆ ಕೊಡೆ ಹುಡುಕಿಕೊಂಡು ಎದ್ದರು.

"ಇವತ್ತು ಮಂಗಳವಾರ ಕಣ್ರೀ. ಮಂಗಳವಾರ ಯಾರಾದ್ರೂ ಹೊರಡ್ತಾರಾ? ಇದ್ದು ನಾಳೆ ಹೋಗಿ" ಎಂದರು ಅಣ್ಣೇಗೌಡರು.

"ಮಂಗಳವಾರ ಹೆಣ್ಮಗಳನ್ನ ಕಳಿಸ್ಬಾರ್ದು ಅಷ್ಟೇ. ಇವಳು ನಿಮ್ಮನೇಲೇ ಇರ್ತಾಳಲ್ಲ" ಎಂದು ಲಕ್ಕೇಗೌಡರು ನನ್ನನ್ನು ಗೂಟಕ್ಕೆ ಸಿಕ್ಕಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಟರು.