ಹಬೀಬನ ಗಡ್ಡ

ಗಡ್ಡದ ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳಿದವನಲ್ಲ. ಭಾಲ್ಕಿಯ ಬಜಾರಿನಲ್ಲಿ ಸೇಫ್ಟಿ ರೇಜರ್ ಇಟ್ಟುಕೊಂಡಿದ್ದವನು ನಾನೊಬ್ಬನೇ. ಅಂಗಡಿಗೆ ಬಟ್ಟೆ ತರಲು ಹೈದರಾಬಾದಿಗೆ ಹೋದಾಗ ಕೊಂಡದ್ದು. ಸೋಮವಾರವೊಂದನ್ನು ಬಿಟ್ಟು ದಿನಾ ಬೆಳಿಗ್ಗೆ ಗಡ್ಡ ಮೀಸೆ ಎರಡನ್ನೂ ನುಣ್ಣಗೆ ತೆಗೆದುಕೊಂಡು ಗಾದಿಯ ಮೇಲೆ ಕೂರುತ್ತಿದ್ದೆ. ಮೊದಮೊದಲು ಜನ ಬೆನ್ನ ಹಿಂದೆ ನಕ್ಕರು. ಆಮೇಲೆ ಶಿವರಾಜಪ್ಪನ ಷೋಕಿ ಇಷ್ಟೇ ಎಂದು ಸುಮ್ಮನಾದರು.

ಈ ಷೋಕಿ ಒಬ್ಬನ ಜೀವಕ್ಕೆ ಬೇಕಾಗಿ ಬಂದದ್ದು ಪೋಲೀಸ್ ಆಕ್ಷನ್ ಆದ ಮೇಲೆ. ನಿಜಾಮನ ಫೌಜು ಶರಣಾಗಿ ಹತ್ತು ದಿನವಾಗಿತ್ತು. ಅಲ್ಲಿಯವರೆಗೆ ನಮ್ಮನ್ನು ಹಣಿದಿದ್ದ ರಜಾಕಾರರು ಓಡಿಹೋಗಿದ್ದರು. ಓಡದೆ ಉಳಿದವರು, ಅಂದರೆ ಓಡಿಹೋಗುವಂಥದ್ದೇನನ್ನೂ ಮಾಡದವರು, ಈಗ ಅವರ ಪಾಪಕ್ಕೆ ತಲೆ ಕೊಡುತ್ತಿದ್ದರು. ನನ್ನ ಗೆಳೆಯ ಹಬೀಬ ಅಂಥವರಲ್ಲಿ ಒಬ್ಬ. ಉರ್ದು ಶಾಲೆಯ ಮಾಸ್ತರ. ಐದು ದಿನದಿಂದ ನಮ್ಮ ಅಂಗಡಿಯ ಅಟ್ಟದ ಮೇಲೆ ಬಟ್ಟೆಯ ಗಂಟುಗಳ ನಡುವೆ ಅಡಗಿದ್ದ. ಅವನ ಹೆಂಡತಿ ಅನ್ವರಿ ಬೇಗಂ ಹೆರಿಗೆಗೆಂದು ಬೀದರಿನ ತವರಿನಲ್ಲಿದ್ದಳು. ಬೀದರಿನಲ್ಲಿ ಮಿಲಿಟರಿ ಬಂದು ಕೂತಿತ್ತು. ಅಲ್ಲಿಗೆ ಮುಟ್ಟಿದರೆ ಬದುಕಿದ ಹಾಗೆ. ಮುಟ್ಟುವುದು ಹೇಗೆ ಎನ್ನುವುದೇ ಪ್ರಶ್ನೆಯಾಗಿತ್ತು.

ದಾರಿಯಲ್ಲಿ ಊರೂರಿನವರು ಗಾಡಿ ತಡೆದು ಮುಖ ನೋಡುತ್ತಿದ್ದರು. ಅನುಮಾನ ಬಂದರೆ ಧೋತರ ಬಿಚ್ಚಿಸುತ್ತಿದ್ದರು. ಅಲ್ಲಿಗೆ ಬಂದರೆ ಮುಗಿಯಿತು, ನನ್ನ ಹಣೆಯ ವಿಭೂತಿ ಅವನನ್ನು ಉಳಿಸುತ್ತಿರಲಿಲ್ಲ. ಹಬೀಬ ಮುಖದಲ್ಲೇ ಪಾಸಾಗಬೇಕಿತ್ತು. ಗಡ್ಡ ತೆಗೆದರಷ್ಟೇ ಸಾಲದು, ಇವತ್ತು ತೆಗೆದದ್ದು ಎಂದು ಕಾಣಬಾರದು. ಒಂದು ಗಾಯ, ಒಂದು ಕೆಂಪು ದದ್ದು ಇದ್ದರೂ ಹೊಸದಾಗಿ ಬೋಳಿಸಿದ ಮುಖವೆಂದು ಯಾರಿಗಾದರೂ ತಿಳಿಯುತ್ತದೆ. ಹಿಂದಿನ ವಾರ ಒಬ್ಬ ಹಳೆಯ ಕತ್ತಿಯಿಂದ ಅವಸರದಲ್ಲಿ ಹೆರೆದುಕೊಂಡು ಹೊರಟು, ಕೆನ್ನೆಯ ಗಾಯಗಳಿಂದಲೇ ಸಿಕ್ಕಿಬಿದ್ದಿದ್ದ. ಅವನು ಮನೆ ಮುಟ್ಟಲಿಲ್ಲ.

ಕ್ಷೌರದವನನ್ನು ಕರೆಸುವ ಹಾಗಿರಲಿಲ್ಲ. ಅವನು ಒಳ್ಳೆಯವನೇ, ಆದರೆ ಬಾಯಿಗೆ ಬೀಗವಿಲ್ಲ. ಹಾಗಾಗಿ ಕೆಲಸ ನನ್ನ ತಲೆಗೆ ಬಂತು. ಹಬೀಬನ ಗಡ್ಡವಾದರೂ ಸಾಮಾನ್ಯದ್ದಲ್ಲ. ಪುಂಡಿಯ ನಾರಿನಷ್ಟು ಒರಟು, ದಟ್ಟ. ಇದರಲ್ಲಿ ಎತ್ತಿಗೆ ಹಗ್ಗ ಹೊಸೆಯಬಹುದು ಮಾಸ್ತರ ಎಂದು ನಾನು ಎಷ್ಟೋ ಸಲ ಕಾಡಿಸಿದ್ದೆ. ನಿಮ್ಮ ಅಂಗಡಿಯ ಬಟ್ಟೆಗಿಂತ ಗಟ್ಟಿಯಿದೆ ಬಿಡಿ ಎಂದು ಅವನೂ ಬಿಡುತ್ತಿರಲಿಲ್ಲ.

ಇದರ ಮೇಲೆ ಇನ್ನೊಂದು ಸಂಕಟ ನನ್ನ ಎದೆಯಲ್ಲಿ ಕೂತಿತ್ತು. ಹಬೀಬನ ತಂದೆ ಉಸ್ಮಾನ ಮಿಯಾ ತಮ್ಮ ತಂಗಿ ಖತೀಜಾ ಬೇಗಂ ಅವರನ್ನು ಕರೆತರಲು ಔರಾದಿಗೆ ಹೋಗಿದ್ದರು. ಭಾನುವಾರ ಸಂಜೆ ಸಂತಪುರದಿಂದ ಬಂದ ಪರಿಚಯದ ವ್ಯಾಪಾರಿಯೊಬ್ಬ ನನ್ನನ್ನು ಒಳಗೆ ಕರೆದು ಸುದ್ದಿ ಹೇಳಿದ. ಶನಿವಾರ ಔರಾದಿನ ಹಾದಿಯಲ್ಲಿ ಉಸ್ಮಾನ ಮಿಯಾರನ್ನು ಕೊಂದಿದ್ದರು. ಹೆಣವನ್ನು ಅವನೇ ಕಣ್ಣಾರೆ ನೋಡಿದ್ದ. ಹಿಂದಿನ ವರ್ಷ ರಜಾಕಾರರು ನನ್ನ ಅಂಗಡಿಯ ಲೂಟಿಗೆ ಬಂದಾಗ ಹೊಸ್ತಿಲಿಗೆ ಅಡ್ಡ ಕೂತು, ಮೊದಲು ನನ್ನನ್ನು ತುಳಿದುಕೊಂಡು ಹೋಗಿ ಎಂದು ಹೇಳಿದ ಮುದುಕ ಅವರು.

ಹಬೀಬನಿಗೆ ಹೇಳಬಾರದೆಂದು ನಾನು ಅಲ್ಲೇ ನಿಶ್ಚಯ ಮಾಡಿದೆ. ನನ್ನ ಹೆಂಡತಿ ಅನುಸೂಯಾಬಾಯಿಗೆ ಇದು ಒಂಚೂರೂ ಸರಿಬರಲಿಲ್ಲ.

“ಅವ್ರಪ್ಪನ ಸಾವು ಅವ್ರಿಗಿ ಹೇಳ್ಲಾರ್ದ ಮುಚ್ಚಿಡ್ಲಾಕ ನಾವ್ಯಾರ್ರಿ?” ಎಂದಳು.

ನನಗೆ ಸಿಟ್ಟು ಬಂತು. ಹೇಳಿದರೆ ಅವನು ಬೀದರ್ ಬಿಟ್ಟು ಔರಾದಿಗೆ ಓಡುತ್ತಾನೆ. ಓಡದಿದ್ದರೂ ಅಳುತ್ತ ನಡುಗುವ ಮುಖಕ್ಕೆ ಬ್ಲೇಡು ಹಚ್ಚಲು ನನ್ನಿಂದಾಗದು. ಬೀದರ್ ಮುಟ್ಟಿದ ಮೇಲೆ ನಾನೇ ಕೂರಿಸಿಕೊಂಡು ಹೇಳುತ್ತೇನೆ ಎಂದು ಗದರಿದೆ. ಅವಳು ಒಪ್ಪಲಿಲ್ಲ, ಹಬೀಬನಿಗೆ ಹೇಳಲೂ ಹೋಗಲಿಲ್ಲ.

ಸೋಮವಾರ ಬೆಳಕು ಹರಿಯುತ್ತಲೇ ಹಿಂದಿನ ಕೋಣೆಯ ಕಿಟಕಿಯ ಪಕ್ಕ ಹಬೀಬನನ್ನು ಕೂರಿಸಿದೆ. ಸೋಮವಾರ ನಮ್ಮ ಮನೆಯಲ್ಲಿ ಕ್ಷೌರದ ಮಾತೆತ್ತುವಂತಿಲ್ಲ. ಆ ದಿನ ಅನುಸೂಯಾಬಾಯಿಯೇ ನೀರು ಕಾಯಿಸಿ ತಂದಿಟ್ಟಳು. ಆ ವರ್ಷ ನಿಜಾಮನ ರಾಜ್ಯದ ಗಡಿ ಬಂದ್ ಆಗಿ ಬ್ಲೇಡು ಎಲ್ಲಿಯೂ ಸಿಗುತ್ತಿರಲಿಲ್ಲ. ಇದ್ದ ಹಳೆಯ ಬ್ಲೇಡುಗಳನ್ನೇ ಗಾಜಿನ ಲೋಟದ ಒಳಗೋಡೆಗೆ ಒತ್ತಿ ತಿಕ್ಕಿ ಹರಿತ ಮಾಡಿಕೊಂಡು ದಿನ ದೂಡುತ್ತಿದ್ದೆ. ಹೊಸದೊಂದು ಮಾತ್ರ ಮೇಣದ ಕಾಗದದಲ್ಲಿ ಹಾಗೇ ಉಳಿದಿತ್ತು. ಅದನ್ನು ಬಿಚ್ಚಿದೆ.

ಮೊದಲು ಅಂಗಡಿಯ ಕತ್ತರಿಯಿಂದ ಉದ್ದ ಕೂದಲನ್ನು ಚರ್ಮಕ್ಕೆ ಹತ್ತುವಷ್ಟು ಕತ್ತರಿಸಿದೆ. ಮಡಿಲಿಗೆ ಬಿದ್ದದ್ದನ್ನು ಹಬೀಬ ಒಂದು ಸಲ ಮುಟ್ಟಿ ನೋಡಿ ಕಣ್ಣು ಮುಚ್ಚಿಕೊಂಡ. ಆಮೇಲೆ ಬಿಸಿನೀರಿನಲ್ಲಿ ಹಿಂಡಿದ ಪಂಚೆಯನ್ನು ಮುಖಕ್ಕೆ ಸುತ್ತಿ, ಆರಿದ ಮೇಲೆ ಮತ್ತೆ ಅದ್ದಿ ಸುತ್ತಿ, ಹೀಗೆ ಮೂರು ಸಲ ಮಾಡಿದೆ. ನನ್ನನ್ನು ಬೇಯಿಸಿ ತಿನ್ನುವವರೋ ಹೇಗೆ ಎಂದು ಅವನು ಪಂಚೆಯೊಳಗಿಂದ ಕೇಳಿದ. ಒರಟು ಕೂದಲು ನೀರು ಕುಡಿಯದೆ ಬಾಗುವುದಿಲ್ಲ, ತೆಪ್ಪಗಿರಿ ಎಂದೆ. ಕೂದಲ ಬುಡಕ್ಕೆ ಎರಡು ಹನಿ ಕುಸುಬಿ ಎಣ್ಣೆ ತಿಕ್ಕಿ, ಅದರ ಮೇಲೆ ಸಾಬೂನಿನ ನೊರೆಯನ್ನು ಬ್ರಷ್ಷಿನಿಂದ ಸುತ್ತ ಸುತ್ತ ಹಚ್ಚುತ್ತ ಹೋದೆ. ನನ್ನ ಮುಖಕ್ಕೆ ಇಷ್ಟು ಹೊತ್ತು ಯಾವತ್ತೂ ಕೊಟ್ಟಿರಲಿಲ್ಲ.

ರೇಜರನ್ನು ಒತ್ತಬಾರದು. ಅದರ ಭಾರ ಅದಕ್ಕೇ ಸಾಕು. ಒತ್ತಿದವನೇ ಕೆಟ್ಟ. ಚರ್ಮವನ್ನು ಎಡಗೈಯಿಂದ ಎಳೆದು ಹಿಡಿದು, ಕೂದಲು ಬೆಳೆದ ದಿಕ್ಕಿಗೇ ಬೆರಳಗಲ ಬೆರಳಗಲ ಇಳಿಸಿದೆ. ಪ್ರತಿ ಸಲ ಬ್ಲೇಡನ್ನು ನೀರಿನಲ್ಲಿ ಅಲುಗಿಸಿ ತೊಳೆದೆ. ಕೆನ್ನೆ ಸುಲಭವಾಗಿ ಕೊಟ್ಟಿತು. ಕುತ್ತಿಗೆಯಲ್ಲಿ ಅವನ ಕೂದಲು ಎಡಗಡೆ ಕೆಳಕ್ಕೆ, ಬಲಗಡೆ ಮೇಲಕ್ಕೆ ಬೆಳೆದಿತ್ತು. ಬೆರಳಿನಿಂದ ಸವರಿ ದಿಕ್ಕು ನೋಡಿಕೊಳ್ಳದೆ ಮುಂದೆ ಹೋಗುವಂತಿರಲಿಲ್ಲ. ಹೊರಗೆ ಬೀದಿಯಲ್ಲಿ ಜನ ಮಾತಾಡುತ್ತ ಹೋಗುವುದು ಕೇಳುತ್ತಿತ್ತು.

ಬ್ಲೇಡು ದವಡೆಯ ಕೆಳಗೆ ಇದ್ದಾಗಲೇ ಅವನು ತುಟಿ ಅಲ್ಲಾಡಿಸದೆ ಮಾತು ತೆಗೆದ.

“ಅಬ್ಬಾಜಾನ್ ಈ ಮಾರಿ ನೋಡಿದ್ರ ಏನಂತಾರೋ. ಬೀದರಿಗಿ ಬಂದ ಮ್ಯಾಲ ನೀವೇ ಅವ್ರಿಗಿ ತಿಳಿಸಿ ಹೇಳ್ಬೇಕ್ರಿ. ನಿಮ್ ಮಾತು ಕೇಳ್ತಾರ.”

ಬ್ಲೇಡನ್ನು ಚರ್ಮದಿಂದ ಎತ್ತಿ, ತೊಳೆಯುವ ನೆಪದಲ್ಲಿ ನೀರಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅಲುಗಿಸಿದೆ. ಬಾಗಿಲಲ್ಲಿ ನಿಂತಿದ್ದ ಅನುಸೂಯಾಬಾಯಿ ನನ್ನನ್ನೇ ನೋಡುತ್ತಿದ್ದಳು. ಈಗ ಹೇಳಿ ಎನ್ನುವಂತಿತ್ತು ಆ ನೋಟ. ಗಡ್ಡ ಮಾಡುವಾಗ ಮಾತಾಡಬೇಡಿ ಮಾಸ್ತರ ಎಂದು ನಾನು ರೇಗಿದೆ. ಅವಳು ಒಳಗೆ ಹೋದಳು.

ಎರಡನೇ ಸಲ ನೊರೆ ಹಚ್ಚಿ ಅಡ್ಡಡ್ಡ ಎಳೆದೆ. ಎದುರು ದಿಕ್ಕಿಗೆ ಹೋಗಲಿಲ್ಲ. ಒರಟು ಗಡ್ಡವನ್ನು ಎದುರು ಹೆರೆದರೆ ಆ ಗಳಿಗೆ ನುಣುಪು, ಮಧ್ಯಾಹ್ನಕ್ಕೆ ಮುಖವೆಲ್ಲ ದದ್ದು. ಕೊನೆಗೆ ಮೇಲ್ದುಟಿ ಉಳಿಯಿತು. ಅವನು ಮೀಸೆಯನ್ನು ಅವರ ಪದ್ಧತಿಯಂತೆ ತೀರ ಸಣ್ಣಗೆ ಕತ್ತರಿಸಿಕೊಂಡಿದ್ದ. ಆ ಗೆರೆ ಬಿಟ್ಟರೆ ಗುರುತು ಸಿಕ್ಕೀತೆಂದು ಎರಡೇ ಎಳೆತಕ್ಕೆ ಅದನ್ನೂ ತೆಗೆದುಬಿಟ್ಟೆ. ತಣ್ಣೀರು ಹಾಕಿ ಪಟಿಕದ ಹರಳು ಸವರಿದೆ. ಎಲ್ಲೂ ಒಂದು ಹನಿ ರಕ್ತವಿಲ್ಲ. ಬಿಸಿಲು ಕಾಣದ ಚರ್ಮ ಬಿಳಿಚಿಕೊಂಡಿತ್ತು, ಅದಕ್ಕೆ ಅನುಸೂಯಾಬಾಯಿ ಒಲೆಯ ಬೂದಿಯನ್ನು ಎಣ್ಣೆಯಲ್ಲಿ ಕಲಸಿ ತಂದಳು. ಹಚ್ಚಿದಾಗ ಉರಿಯುತ್ತದೆಯೇ ಎಂದು ಕೇಳಿದೆ. ಇಲ್ಲ ಎಂದ. ಅಂಥ ಹೊತ್ತಿನಲ್ಲೂ ನನ್ನ ಕೈಕೆಲಸಕ್ಕೆ ನಾನೇ ಒಳಗೊಳಗೆ ಬೀಗಿದೆ.

ನಮ್ಮ ಗಾಡಿ ಹೊಡೆಯುವ ಬಕ್ಕಪ್ಪನ ಧೋತರ, ರುಮಾಲು, ಕಂಬಳಿಯನ್ನು ನನ್ನ ಹೆಂಡತಿ ಮೊದಲೇ ಇಸಿದುಕೊಂಡಿದ್ದಳು. ಯಾಕೆ ಎಂದು ಅವನು ಕೇಳಿರಲಿಲ್ಲ. ಅವೆಲ್ಲ ತೊಟ್ಟಾಗ ಹಬೀಬ ಯಾವುದೋ ಹಳ್ಳಿಯ ಗಾಡಿಯವನೇ ಆಗಿಬಿಟ್ಟ. ಹೆಸರು ಮಾಳಪ್ಪ, ಬಕ್ಕಪ್ಪನ ತಮ್ಮ, ನನ್ನ ಬಟ್ಟೆಯ ಗಂಟುಗಳನ್ನು ಬೀದರಿಗೆ ಒಯ್ಯುತ್ತಿದ್ದಾನೆ. ಊರ ಹೆಸರು, ಕುರಿಗಳ ಲೆಕ್ಕ, ಎಲ್ಲವನ್ನೂ ದಾರಿಯುದ್ದಕ್ಕೂ ಅವನಿಂದ ಹೇಳಿಸಿದೆ. ಅವನ ಕನ್ನಡ ನನ್ನದಕ್ಕಿಂತ ಚೆನ್ನಾಗಿತ್ತು.

ನಡು ಮಧ್ಯಾಹ್ನ ದಾರಿಗೆ ಅಡ್ಡ ಬರುವ ನದಿಯ ಈಚೆ ದಂಡೆಯಲ್ಲಿ ಗಾಡಿ ತಡೆದರು. ಏಳೆಂಟು ಜನ, ಕೈಯಲ್ಲಿ ಬಡಿಗೆ, ಒಬ್ಬನ ಹೆಗಲಿಗೆ ಬಂದೂಕು. ಮುಂದಿದ್ದವನು ಹಣಮಂತಪ್ಪ. ನನ್ನ ಅಂಗಡಿಯ ಗಿರಾಕಿ. ರಜಾಕಾರರು ಅವನ ಬಣವೆ ಸುಟ್ಟು ಅಣ್ಣನನ್ನು ಕೊಂದಿದ್ದರು. ಅದಕ್ಕಿಂತ ಮುಂಚೆ ಅವನು ಗಟ್ಟಿಯಾಗಿ ಮಾತಾಡಿದ್ದನ್ನೂ ನಾನು ಕೇಳಿರಲಿಲ್ಲ.

ನನಗೆ ಶರಣು ಹೇಳಿ ಹಬೀಬನ ಹತ್ತಿರ ಹೋದ. ಕೆನ್ನೆ ನೋಡಿದ, ದವಡೆ ನೋಡಿದ, ಕುತ್ತಿಗೆ ನೋಡಿದ. ಅಲ್ಲೆಲ್ಲೂ ಅವನ ಕಣ್ಣು ನಿಲ್ಲಲಿಲ್ಲ. ಗೆದ್ದೆ ಅಂದುಕೊಂಡೆ. ಆಗ ಅವನ ಕಣ್ಣು ಮೇಲ್ದುಟಿಯ ಮೇಲೆ ಬಂದು ನಿಂತಿತು.

“ಮೀಸಿ ತೆಗ್ಸಿದ್ದೀ,” ಎಂದ. “ಯಾರ್ ಹ್ವಾದ್ರೋ?”

ನಮ್ಮ ಲಿಂಗವಂತರಲ್ಲಿ ಸತ್ತವರಿಗಾಗಿ ಮೀಸೆ ತೆಗೆಯುವ ಪದ್ಧತಿಯಿಲ್ಲ. ಬಕ್ಕಪ್ಪನ ಜಾತಿಯವರಲ್ಲಿ ಅಪ್ಪನೋ ಅಣ್ಣನೋ ಕಾಕಾನೋ ಸತ್ತರೆ ಮಾತ್ರ ಗಂಡಸಿನ ಮೀಸೆಗೆ ಕತ್ತಿ ಮುಟ್ಟುವುದು. ಪೇಟೆಯ ವ್ಯಾಪಾರಿಯ ಬೋಳು ತುಟಿ ಷೋಕಿ, ಗಾಡಿ ಹೊಡೆಯುವವನ ಬೋಳು ತುಟಿ ಸಾವು. ಕನ್ನಡಿಯಲ್ಲಿ ದಿನಾ ನನ್ನ ಮುಖವನ್ನೇ ನೋಡಿಕೊಂಡ ನನಗೆ ಇದು ಹೊಳೆಯಲೇ ಇಲ್ಲ. ಊರು, ಕುರಿ, ಅಣ್ಣ ಎಲ್ಲ ಬಾಯಿಪಾಠ ಮಾಡಿಸಿದ್ದೆ, ಸಾವೊಂದನ್ನು ಹೇಳಿಕೊಟ್ಟಿರಲಿಲ್ಲ.

ಹಬೀಬ ಎತ್ತುಗಳ ಹಗ್ಗ ಜಗ್ಗಿ ಹಿಡಿದ. ಬಂದೂಕಿನವನು ಗಾಡಿಯ ಈ ಬದಿಗೆ ಬಂದ. ಇಳಿ ಕೆಳಗೆ ಎಂದು ಯಾರೋ ಅಂದರು. ನಾನು ಕಾಕಾ ಸತ್ತ ಎನ್ನಬಹುದಿತ್ತು, ಇನ್ನೊಬ್ಬ ಅಣ್ಣ ಸತ್ತ ಎನ್ನಬಹುದಿತ್ತು. ಆದರೆ ಹಿಂದಿನ ಸಂಜೆಯಿಂದ ನನ್ನ ಗಂಟಲಲ್ಲಿ ತಡೆದು ನಿಂತಿದ್ದ ಸಾವು ಒಂದೇ, ಹೊರಬಿದ್ದದ್ದು ಅದೇ.

“ಅವ್ರಪ್ಪ ಹ್ವಾದ್ರು,” ಎಂದೆ. “ಶನಿವಾರ. ಔರಾದ ಹಾದಿ ಮ್ಯಾಲ.”

ಹಬೀಬ ತಿರುಗಿ ನನ್ನ ಮುಖ ನೋಡಿದ. ನಾಟಕ ಆಡುವವನ ಹಾಗೆ ನಾನು ನೋಡಬೇಕಿತ್ತು. ಆಗಲಿಲ್ಲ. ನನ್ನ ಕಣ್ಣು ತುಂಬಿಬಿಟ್ಟಿತ್ತು, ತುಟಿ ಅದುರುತ್ತಿತ್ತು. ಅವನು ಅದನ್ನು ಪೂರ್ತಿ ನೋಡಿದ. ಸುಳ್ಳಲ್ಲ ಎಂದು ಅವನಿಗೆ ತಿಳಿಯಿತು.

ಅವನು ಗಾಡಿಯಿಂದ ಜಾರಿ ನೆಲಕ್ಕೆ ಬಿದ್ದ. ಜೀವಮಾನವಿಡೀ ಅಬ್ಬಾಜಾನ್ ಎಂದು ಕರೆದವನು, ಎಲ್ಲಿ ಆ ಮಾತು ಬಾಯಿಗೆ ಬರುತ್ತದೋ ಎಂದು ಹೆದರಿದೆ. ಅವನು “ಯಪ್ಪಾ” ಎಂದ. ಮಣ್ಣಿಗೆ ಹಣೆ ಹಚ್ಚಿ ಯಪ್ಪಾ ಯಪ್ಪಾ ಎಂದು ಅತ್ತ. ಆ ದುಃಖದಲ್ಲೂ ಅವನು ತನ್ನನ್ನೂ ನನ್ನನ್ನೂ ಉಳಿಸುವ ಮಾತನ್ನು ಹುಡುಕಿಕೊಂಡ.

ಹಣಮಂತಪ್ಪ ಬಡಿಗೆ ಬದಿಗಿಟ್ಟು ಅವನ ಪಕ್ಕ ಕೂತ. ಬೆನ್ನು ಸವರಿದ. ಮಣ್ಣು ಕೊಡಲಿಕ್ಕಾದರೂ ಹೆಣ ಸಿಕ್ಕಿತೇ ಎಂದು ಕೇಳಿದ. ಹಬೀಬ ಇಲ್ಲವೆಂದು ತಲೆಯಾಡಿಸಿದ. ನನ್ನ ಅಣ್ಣನದೂ ಸಿಗಲಿಲ್ಲ ಎಂದು ಹಣಮಂತಪ್ಪ ಹೇಳಿ, ತಂಬಿಗೆಯಲ್ಲಿ ನೀರು ತರಿಸಿ ಕುಡಿಸಿ, ತಾನೇ ಕೈಹಿಡಿದು ಗಾಡಿ ಹತ್ತಿಸಿದ. ಇಂಥವನ ಕೈಯಲ್ಲಿ ಯಾಕೆ ಗಾಡಿ ಹೊಡೆಸಿದಿರಿ ಎಂದು ನನ್ನನ್ನೇ ಬೈದ. ನಾನು ಹಗ್ಗ ತೆಗೆದುಕೊಂಡೆ.

ನದಿ ದಾಟಿ ಬಹಳ ದೂರ ಬಂದ ಮೇಲೆ ಹಬೀಬ ಕೇಳಿದ.

“ಮುಂಜಾನಿ ಗೊತ್ತಿತ್ತೇನ್ರಿ?”

ಗೊತ್ತಿತ್ತು ಎಂದೆ. ಹೇಳಿದ್ದರೆ ನೀವು ಅಲ್ಲಾಡುತ್ತಿದ್ದಿರಿ, ಬ್ಲೇಡು ಹತ್ತುತ್ತಿತ್ತು, ಅದಕ್ಕೇ ಬಾಯಿ ಬಿಡಲಿಲ್ಲ ಎಂದು ಏನೇನೋ ಹೇಳಿದೆ.

“ಹೇಳಿದ್ರೂ ನಾ ಅಲ್ಲಾಡ್ತಿದ್ದಿಲ್ಲರಿ, ಶಿವರಾಜಪ್ಪ.”

ಆಮೇಲೆ ಅವನು ಬೆರಳು ಮಡಚಿ ಲೆಕ್ಕ ಹಾಕಿದ. ಶನಿವಾರ, ಭಾನುವಾರ, ಸೋಮವಾರ. ಇವತ್ತೇ ಜಿಯಾರತ್. ಮೂರನೇ ದಿನ ಅವರಲ್ಲಿ ಎಲ್ಲರೂ ಕೂಡಿ ಸತ್ತವರಿಗಾಗಿ ಓದುತ್ತಾರೆ. ಅದು ನನಗೂ ಗೊತ್ತಿತ್ತು. ಬೀದರ್ ಮುಟ್ಟುವಷ್ಟರಲ್ಲಿ ಹೊತ್ತು ಮುಳುಗಿ ಆ ದಿನ ದಾಟಿಹೋಗುತ್ತಿತ್ತು. ಅವನು ಗಂಟಿಗೆ ಒರಗಿ ಕೂತು, ಕಣ್ಣು ಮುಚ್ಚಿ, ದನಿ ಇಲ್ಲದೆ ಓದತೊಡಗಿದ. ಇಕ್ಕೆಲದ ಹೊಲಗಳಲ್ಲಿ ಜನ ಉದ್ದು ಕೀಳುತ್ತಿದ್ದರು, ದಾರಿಯ ಮೇಲೂ ಓಡಾಟವಿತ್ತು. ಗಡ್ಡವಿದ್ದಿದ್ದರೆ ತುಟಿಯ ಅಲುಗಾಟ ಅಷ್ಟು ಕಾಣುತ್ತಿರಲಿಲ್ಲ. ಅದನ್ನು ನಾನೇ ನುಣ್ಣಗೆ ತೆಗೆದಿದ್ದೆ. ನಿಲ್ಲಿಸಿ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಎದುರಿಗೆ ಯಾರಾದರೂ ಬಂದಾಗಲೆಲ್ಲ ಎದ್ದು ನಿಂತು, ಏನೂ ತಪ್ಪು ಮಾಡದ ಎತ್ತುಗಳನ್ನು ಬಾಯಿಗೆ ಬಂದಂತೆ ಬೈದೆ. ಶೇಟಜಿಗೆ ಏನಾಯಿತೋ ಎಂದು ಅವರೆಲ್ಲ ನನ್ನನ್ನೇ ನೋಡಿ ನಗುತ್ತ ಹೋದರು. ಬೀದರಿನ ಕೋಟೆ ಕಾಣುವವರೆಗೂ ಹಾಗೇ ಬೈಯುತ್ತ ಗಾಡಿ ಹೊಡೆದೆ.