ತಪ್ಪು ಜಾಗದಲ್ಲಿ ಕೂಡಿಕೊಂಡ ಎಲುಬು

ಶಿಗ್ಲಿಯ ಚನ್ನಮ್ಮ ಮೇವು ಹಾಕಲು ಬಗ್ಗಿದಾಗ ಎಮ್ಮೆ ತಲೆ ಬೀಸಿತು. ಕೊಂಬು ಎಡಗೆನ್ನೆಗೆ ಬಡಿದು, ಸಂಜೆಯೊಳಗೆ ಮುಖ ಬಾತು ಕಣ್ಣೇ ಮುಚ್ಚಿಹೋಯಿತು. ಊರ ದವಾಖಾನೆಯವರು ಗುಳಿಗೆ ಕೊಟ್ಟು, ಗದಗಿಗೆ ಹೋಗಿ ತೋರಿಸಿ ಎಂದರು. ಗಂಡ ತಿರಕಪ್ಪ ಶೇಂಗಾ ಕೀಳಿಸುವ ಗಡಿಬಿಡಿಯಲ್ಲಿದ್ದ. ಎಂಟು ದಿನಕ್ಕೆ ಬಾವು ಇಳಿಯಿತು.

"ಎಲ್ಲಾ ಇಳದೈತಲ್ಲ, ಇನ್ನ ಯಾಕ ದವಾಖಾನಿ?" ಎಂದ. ಆಕೆಗೂ ಹೌದೆನಿಸಿತು.

ಆದರೆ ಕೆನ್ನೆ ಚಪ್ಪಟೆಯಾಗಿ ಜೋಮು ಹಿಡಿದಿತ್ತು. ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ನುಂಗುತ್ತಿದ್ದಳು. ನೋಡಿದ್ದೆಲ್ಲ ಎರಡೆರಡಾಗಿ ಕಾಣುತ್ತಿತ್ತು. ಒಂದು ದಿನ ಹಂಚಿನ ಮೇಲಿನ ರೊಟ್ಟಿಯೆಂದು ಉರಿಯುವ ಒಲೆಗೇ ಕೈ ಹಾಕಿದಳು. ಆಗ ತಿರಕಪ್ಪ ಹೆದರಿ ಗದಗಿಗೆ ಕರೆದೊಯ್ದ.

ಡಾಕ್ಟರ್ ಪದ್ಮಜಾ ಸ್ಕ್ಯಾನ್ ನೋಡಿ ಕೇಳಿದರು: "ಪೆಟ್ಟಾಗಿ ಎಷ್ಟ್ ದಿನಾ ಆತು?"

"ಒಂದೂವರಿ ತಿಂಗಳಾತ್ರಿ," ಎಂದ ತಿರಕಪ್ಪ.

ಅವರು ಸ್ಕ್ಯಾನನ್ನು ಇಬ್ಬರ ಕಡೆ ತಿರುಗಿಸಿದರು. "ಎರಡು ವಾರದಾಗ ಬಂದಿದ್ರ, ಮುರದ ಕೆನ್ನಿ ಎಲುಬು ಎತ್ತಿ ಕೂಡ್ರಿಸಿ, ಅಲ್ಲಾಡದಂಗ ಸಣ್ಣ ಲೋಹದ ಪಟ್ಟಿ ಹಾಕಬಹುದಿತ್ತು. ಈಗ ಅದು ತಪ್ಪು ಜಾಗಾದಾಗ ಕೂಡಿಕೊಂಡೈತಿ, ಬಾಯಿ ಕಣ್ಣು ಎರಡಕ್ಕೂ ಅದರಿಂದನ ತೊಂದ್ರಿ. ಅದನ್ನ ಕತ್ತರಿಸಿ, ಸರಿ ಜಾಗಾಕ್ಕ ತಂದು ಪಟ್ಟಿ ಹಾಕಬೇಕು. ಇಲ್ಲಾ, ಹಿಂಗ ಬಿಡಬೇಕು."

"ಕಣ್ಣು ಮೊದಲಿನಂಗ ಆಗ್ತೈತೇನ್ರಿ?" ಚನ್ನಮ್ಮ ಕೇಳಿದಳು.

"ಬಾಯಿ ಸುಧಾರಿಸ್ತೈತಿ. ಕಣ್ಣಿನ ಮಾತು ಖಾತ್ರಿ ಕೊಡಾಕ ಬರಂಗಿಲ್ಲವ್ವ."

ಚನ್ನಮ್ಮ ಗಂಡನ ಕಡೆ ತಿರುಗಿದಳು. "ನೀವ ಹೇಳ್ರಿ, ಏನ್ ಮಾಡೂಣು?"

ಅಂದು ದವಾಖಾನೆ ಯಾಕೆ ಎಂದು ಅಷ್ಟು ಸಲೀಸಾಗಿ ಹೇಳಿದ್ದವನು ಈಗ ಡಾಕ್ಟರ ಮುಖ ನೋಡಿದ. ಮಾಡಿಸು ಎಂದರೆ ಕಣ್ಣಿಗೆ ಇನ್ನೇನಾದೀತೋ ಎಂಬ ಭಯ, ಬಿಡು ಎಂದರೆ ಆಕೆಯ ಬಾಯಿ ತೆರೆಯದು. ಕೈಯಲ್ಲಿದ್ದ ಟವೆಲ್ಲನ್ನು ಹಿಂಡುತ್ತ ನಿಂತ. ಕಡೆಗೆ ಆಕೆಯೇ, "ಮಾಡ್ರಿ ಡಾಕ್ಟರ್ ಬಾಯಾರ," ಎಂದಳು.

ಆಪರೇಷನ್ ನಾಲ್ಕು ತಾಸು ಹಿಡಿಯಿತು. ತಿಂಗಳೊಳಗೆ ಕೆನ್ನೆ ತುಂಬಿಕೊಂಡಿತು, ಬಾಯಿ ತೆರೆಯಿತು. ಕೆನ್ನೆ ಜೋಮು ಹಿಡಿದಂತೆಯೇ ಉಳಿಯಿತು. ಕೆಳಗೆ ನೋಡಿದರೆ ಈಗಲೂ ಎರಡು ಕಾಣುತ್ತಿತ್ತು. ಇನ್ನಷ್ಟು ತಿಂಗಳು ಕಾದು ನೋಡೋಣ ಎಂದರು ಡಾಕ್ಟರು.

ತಪಾಸಣೆ ಮುಗಿಸಿ ಊರಿಗೆ ಮರಳುವಾಗ ಬಸ್ ಬದಲಿಸಲು ಲಕ್ಷ್ಮೇಶ್ವರದಲ್ಲಿ ಇಳಿಯಬೇಕಿದ್ದ ಚನ್ನಮ್ಮ, ಕೆಳಗಿನ ಮೆಟ್ಟಿಲು ಎರಡಾಗಿ ಕಂಡು ಬಾಗಿಲಲ್ಲೇ ನಿಂತಳು. ಕಾಲು ಗಾಳಿಯಲ್ಲಿ ನೆಲ ಹುಡುಕುತ್ತಿತ್ತು. ಮೊದಲೇ ಇಳಿದಿದ್ದ ತಿರಕಪ್ಪ ರಟ್ಟೆ ಹಿಡಿದ.

"ಇಳಿ. ನಾ ಹಿಡಕೊಂಡೇನಿ."

"ಎಷ್ಟ್ ದಿನಾ ಹಿಡಕೋತೀರಿ?"

ಹಿಂದಿನವರು ಜಲ್ದಿ ಇಳಿಯಿರೆಂದು ಗದರಿದರು. ಅವನು ಬಗ್ಗಿ, ಅವಳ ಪಾದವನ್ನು ಕೈಯಿಂದಲೇ ಹಿಡಿದು ನೆಲಕ್ಕೆ ಊರಿದ.